ಅಪ್ಪನಿಗೆ ಬಂದ 28 ಅಂಕ

(ಸಂಘದ ವೈದ್ಯಕೀಯ ನೆರವು ನಿಧಿಯ ವಾರ್ಷಿಕ ಸಭೆಯಲ್ಲಿ ನಿಧಿ ಸಮಿತಿಯ ಸದಸ್ಯರೊಬ್ಬರು ಮಾಡಿದ ಭಾಷಣ)



ಪ್ರತಿ ವರ್ಷ ಈ ಸಭೆಯಲ್ಲಿ ನಾವು ಡಯಾಲಿಸಿಸ್‌ಗೆ, ಹೃದಯದ ಆಪರೇಷನ್‌ಗೆ, ಕ್ಯಾನ್ಸರ್ ಚಿಕಿತ್ಸೆಗೆ ಹಣ ಕೇಳುತ್ತೇವೆ. ಕೊಟ್ಟವರಿಗೆ ರೋಗಿಯ ಮುಖ ಕಾಣುತ್ತದೆ. ಈ ಸಲ ನಾನು ಕೇಳಲು ನಿಂತಿರುವುದು ಮುಖ ಕಾಣದ ಕೆಲಸಕ್ಕೆ. ಮರೆವಿನ ಕಾಯಿಲೆಯನ್ನು, ಅಂದರೆ ಡಿಮೆನ್ಷಿಯಾವನ್ನು, ಬೇಗ ಗುರುತಿಸಲು ಟ್ಯಾಬ್ಲೆಟ್ ಪರದೆಯ ಮೇಲೆ ಮಾಡುವ ಪರೀಕ್ಷೆಗಳು ಬಂದಿವೆ. ಆ ಪರೀಕ್ಷೆ ನಮ್ಮವರಿಗೆ ಸರಿಹೊಂದುತ್ತದೆಯೇ ಎಂದು ಪರೀಕ್ಷಿಸಲು ಹಣ ಬೇಕು. "ಪರೀಕ್ಷೆಗೇ ಒಂದು ಪರೀಕ್ಷೆಯೇ?" ಎಂದು ಸಮಿತಿಯಲ್ಲಿ ಒಬ್ಬರು ನಕ್ಕರು. ನಾನು ವೈದ್ಯನಲ್ಲ, ಬ್ಯಾಂಕಿನಿಂದ ನಿವೃತ್ತನಾದವನು. ಆದ್ದರಿಂದ ಮನೆಯ ಸಂಗತಿಯಿಂದಲೇ ಶುರು ಮಾಡುತ್ತೇನೆ.

ನನ್ನ ಅಪ್ಪ ಕುಂದಾಪುರದ ಕಡೆಯವರು. ಮಾಟುಂಗಾದ ಒಂದು ಹೋಟೆಲಿನ ಗಲ್ಲಾದಲ್ಲಿ ನಲವತ್ತು ವರ್ಷ ಕೂತವರು. ನಿವೃತ್ತರಾಗಿ ಎಂಟು ವರ್ಷದ ಮೇಲೆ, ಹೇಳಿದ್ದನ್ನೇ ಹೇಳತೊಡಗಿದರು. ರಿಕ್ಷಾದವನಿಗೆ ಎರಡೆರಡು ಸಲ ಹಣ ಕೊಡುತ್ತಿದ್ದರು. ನಾವು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅಲ್ಲಿ ಮಾಡಿದ್ದು 1975ರಲ್ಲಿ ಅಮೆರಿಕದಲ್ಲಿ ರೂಪುಗೊಂಡ, ಇವತ್ತಿಗೂ ಬಳಕೆಯಲ್ಲಿರುವ 30 ಅಂಕದ ಕಾಗದದ ಪರೀಕ್ಷೆ. ನೂರರಿಂದ ಏಳೇಳು ಕಳೆಯುತ್ತಾ ಹೋಗಿ ಎಂದರು. ಅಪ್ಪ ಉಸಿರು ಬಿಡದೆ 93, 86, 79, 72, 65 ಎಂದರು, ನಿಲ್ಲಿಸಿ ಎನ್ನಬೇಕಾಯಿತು. ನಲವತ್ತು ವರ್ಷ ಚಿಲ್ಲರೆ ಎಣಿಸಿದ ಕೈ ಅದು. ಅಂಕ 28. ಸಾಮಾನ್ಯವಾಗಿ 24ಕ್ಕಿಂತ ಕೆಳಗೆ ಬಂದರೆ ಅನುಮಾನ. "ವಯಸ್ಸಿನ ಮರೆವು, ಚಿಂತೆ ಬೇಡ" ಎಂದು ಕಳಿಸಿದರು.

ಕಳೆದ ಆ ಎರಡು ಅಂಕ ಎಲ್ಲಿಯವು ಎಂದು ಅಂದು ಯಾರೂ ನೋಡಲಿಲ್ಲ, ನಾನೂ ನೋಡಲಿಲ್ಲ. ಮೂರು ಪದ ಹೇಳಿ, ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಕೇಳುತ್ತಾರೆ. ಅಪ್ಪನಿಗೆ ನೆನಪಾದದ್ದು ಒಂದೇ. ಕಾಯಿಲೆ ಅಲ್ಲಿಯೇ ಕುಳಿತಿತ್ತು. ಒಟ್ಟು ಮೊತ್ತ ಅದನ್ನು ಮುಚ್ಚಿಬಿಟ್ಟಿತು. ಎರಡು ವರ್ಷ ಕಳೆದ ಮೇಲೆ ಒಂದು ಬೆಳಗಿನ ಜಾವ ನಾಲ್ಕಕ್ಕೆ ಎದ್ದು, ಸ್ನಾನ ಮಾಡಿ, ಬಿಳಿ ಅಂಗಿ ತೊಟ್ಟು ಹೋಟೆಲಿನ ಶಟರ್ ತೆಗೆಯಲು ಹೊರಟರು. ಮಧ್ಯಾಹ್ನದವರೆಗೆ ಸಿಗಲಿಲ್ಲ. ಆ ಹೊತ್ತಿಗೆ ವಿಲ್ ಬರೆಸುವ, ಊರಿನ ಜಾಗದ ವಿಷಯ ಕೇಳಿ ತಿಳಿಯುವ ಕಾಲ ಮುಗಿದುಹೋಗಿತ್ತು.

ಇದಕ್ಕೆ ತಿರುಗುಮುರುಗಾದ ಇನ್ನೊಂದು ಪ್ರಕರಣ ನಮ್ಮ ನಿಧಿಯದ್ದೇ. ಹೇಳಲು ಸಂಕೋಚವಾಗುತ್ತದೆ. ಕಲಬುರಗಿ ಕಡೆಯ ಒಬ್ಬ ಅಜ್ಜಿ. ಮಗ ಇಲ್ಲಿ ಗಾರೆ ಕೆಲಸ ಮಾಡುತ್ತಾನೆ. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಹಿಂದಿಯಲ್ಲಿ ಪ್ರಶ್ನೆ ಕೇಳಿ, ಕೈಗೆ ಪೆನ್ಸಿಲ್ ಕೊಟ್ಟು ಐದು ಮೂಲೆಯ ಆಕೃತಿಗಳನ್ನು ನೋಡಿ ಬರೆಯಿರಿ ಎಂದರೆ ಅವರೇನು ಮಾಡಿಯಾರು? ಅಂಕ ತೀರ ಕಡಿಮೆ ಬಂತು, ಡಿಮೆನ್ಷಿಯಾ ಎಂದು ಚೀಟಿ ಬಂತು, ನಾವು ಎಂಟು ತಿಂಗಳು ಮಾತ್ರೆಗೆ ಹಣ ಕೊಟ್ಟೆವು. ಕೊನೆಗೆ ಕನ್ನಡ ಬಲ್ಲ ವೈದ್ಯರೊಬ್ಬರು ಕೂತು ಮಾತನಾಡಿಸಿದಾಗ ಗೊತ್ತಾದದ್ದು, ಅಜ್ಜಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ, ಥೈರಾಯ್ಡ್ ಕೂಡ ಕಡಿಮೆ ಇತ್ತು. ಎರಡಕ್ಕೂ ಪರಿಹಾರ ಇತ್ತು. "ಅವರು ಏನ್ ಕೇಳ್ತಾರಂತ ನನಗ ತಿಳೀಲೇ ಇಲ್ಲೋ ಯಪ್ಪಾ" ಎಂದರು ಆಮೇಲೆ.

ಇಲ್ಲಿ ಹೋಟೆಲ್, ಅಂಗಡಿ ನಡೆಸುವವರು ಬಹಳ ಮಂದಿ ಇದ್ದೀರಿ. ತಕ್ಕಡಿ ಎಷ್ಟೇ ಹೊಸದಾಗಿರಲಿ, ಸರ್ಕಾರದ ಮುದ್ರೆ ಬೀಳದೆ ಅದರಲ್ಲಿ ತೂಗುವಂತಿಲ್ಲ. ಮುದ್ರೆ ಹಾಕುವವನು ಸರಿಯಾದ ತೂಕದ ಕಲ್ಲು ಇಟ್ಟು ನೋಡುತ್ತಾನೆ. ನಾನು ಕೇಳುತ್ತಿರುವುದು ಆ ಮುದ್ರೆಯ ಖರ್ಚು.

ಹೊಸ ಡಿಜಿಟಲ್ ಪರೀಕ್ಷೆಯಿಂದ ಲಾಭ ಇಲ್ಲವೆಂದಲ್ಲ. ಗಡಿಯಾರದ ಚಿತ್ರ ಬರೆಯಿರಿ ಎಂದರೆ ಕಾಗದದಲ್ಲಿ ಕೊನೆಯ ಚಿತ್ರ ಮಾತ್ರ ಉಳಿಯುತ್ತದೆ. ಪರದೆಯ ಮೇಲಾದರೆ ಪೆನ್ನು ಎಲ್ಲಿ ತಡವರಿಸಿತು, ಎಷ್ಟು ಸೆಕೆಂಡು ಯೋಚಿಸಿತು ಎಲ್ಲವೂ ದಾಖಲಾಗುತ್ತದೆ. ಪ್ರಶ್ನೆ ಎಲ್ಲರಿಗೂ ಒಂದೇ ದನಿಯಲ್ಲಿ ಕೇಳುತ್ತದೆ. ತಜ್ಞರಿಲ್ಲದ ಸಣ್ಣ ದವಾಖಾನೆಯಲ್ಲೂ ತರಬೇತಾದ ನರ್ಸ್ ಮಾಡಿಸಬಹುದು. ಆದರೆ ಮೊಬೈಲನ್ನೇ ಮುಟ್ಟದ ಬೆರಳು, ಪೊರೆ ಬಂದ ಕಣ್ಣು, ಸಂಧಿವಾತದ ಕೈ ಇವೆಲ್ಲವೂ ನಿಧಾನ. ಆ ನಿಧಾನವನ್ನು ಯಂತ್ರ ಕಾಯಿಲೆ ಎಂದು ಓದಿಬಿಟ್ಟರೆ ಅಜ್ಜಿಯ ಕಥೆಯೇ ಮರುಕಳಿಸುತ್ತದೆ.

ಹೊರಗೆ ಈ ಕೆಲಸಕ್ಕೆ ಹಣ ಹರಿಯುತ್ತಿದೆ. ದಾವೋಸ್ ಆಲ್‌ಝೈಮರ್ಸ್ ಕೊಲ್ಯಾಬರೇಟಿವ್ ಎಂಬ ಸಂಸ್ಥೆ ಸ್ಕಾಟ್‌ಲೆಂಡ್, ಜಪಾನ್, ಬ್ರೆಜಿಲ್, ಜಮೈಕಾದಂಥ ದೇಶಗಳ ಆರೋಗ್ಯ ವ್ಯವಸ್ಥೆಗಳಿಗೆ ಅನುದಾನ ಕೊಟ್ಟು, ಡಿಜಿಟಲ್ ಪರೀಕ್ಷೆಯನ್ನು ಮಾಮೂಲಿ ದವಾಖಾನೆಗಳಲ್ಲಿ ನಡೆಸಿ ನೋಡಿಸಿತು. ನಮ್ಮಲ್ಲೂ ಏನೂ ಆಗಿಲ್ಲವೆಂದಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಕನ್ನಡವೂ ಸೇರಿ ಐದು ಭಾಷೆಗಳಲ್ಲಿ ಪರೀಕ್ಷೆಗಳ ಗುಚ್ಛ ಸಿದ್ಧಪಡಿಸಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೆದುಳು ಸಂಶೋಧನಾ ಕೇಂದ್ರದವರು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ, 45 ದಾಟಿದವರಿಗೆ ಕಂಪ್ಯೂಟರಿನಲ್ಲೇ ಪರೀಕ್ಷೆ ಮಾಡುತ್ತಿದ್ದಾರೆ. ಆ ಕೇಂದ್ರ ಬೆಳೆದದ್ದೂ ಒಂದು ದಾನಿ ದಂಪತಿಯ ಟ್ರಸ್ಟಿನ ನೆರವಿನಿಂದ ಎಂಬುದನ್ನು ಗಮನಿಸಿ.

ಆದರೆ ಶ್ರೀನಿವಾಸಪುರದ ಕನ್ನಡ ಬೇರೆ, ನಮ್ಮದು ಬೇರೆ. ನಮ್ಮ ಮನೆಗಳಲ್ಲಿ ಕುಂದಗನ್ನಡ, ತುಳು, ಕೊಂಕಣಿ, ಬೀದಿಯಲ್ಲಿ ಮರಾಠಿ, ಲೋಕಲ್ ಟ್ರೇನಿನಲ್ಲಿ ಹಿಂದಿ. ಒಂದೇ ವಾಕ್ಯದಲ್ಲಿ ಮೂರು ಭಾಷೆ. ಹೈದರಾಬಾದಿನಲ್ಲಿ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು 648 ರೋಗಿಗಳ ದಾಖಲೆ ನೋಡಿ, 2013ರಲ್ಲಿ ಒಂದು ಸಂಗತಿ ಪ್ರಕಟಿಸಿದರು: ಎರಡು ಭಾಷೆ ಆಡುವವರಿಗೆ ಈ ಕಾಯಿಲೆ ಕಾಣಿಸಿಕೊಂಡದ್ದು ಒಂದೇ ಭಾಷೆಯವರಿಗಿಂತ ಸುಮಾರು ನಾಲ್ಕೂವರೆ ವರ್ಷ ತಡವಾಗಿ. ಕೇಳಲು ಖುಷಿ. ಆದರೆ ಒಂದು ಭಾಷೆಯವರನ್ನು ನೋಡಿ ಕಟ್ಟಿದ ಅಳತೆ ನಮಗೆ ಹೊಂದುತ್ತದೆಯೇ ಎಂಬುದನ್ನು ಯಾರಾದರೂ ಕೂತು ನೋಡಲೇಬೇಕು.

ನಗರದ ಒಂದು ಆಸ್ಪತ್ರೆಯ ನರರೋಗ ವಿಭಾಗ ಅದಕ್ಕೆ ಒಪ್ಪಿದೆ. ಯಂತ್ರ ಅವರದು. ಹಣ ಬೇಕಾಗಿರುವುದು ಉಳಿದದ್ದಕ್ಕೆ: ಪ್ರಶ್ನೆಗಳನ್ನು ನಮ್ಮ ಆಡುಮಾತಿಗೆ ತರಲು, ಕನ್ನಡ ಬಲ್ಲ ಇಬ್ಬರು ಪರೀಕ್ಷಕರ ಸಂಬಳಕ್ಕೆ, ಹಿರಿಯರ ಟ್ಯಾಕ್ಸಿ ಬಾಡಿಗೆಗೆ. ಎಲ್ಲಕ್ಕಿಂತ ದುಬಾರಿ ತಜ್ಞರ ಸಮಯ. ಪರದೆ ಏನು ಹೇಳಿತೆಂದು ತಿಳಿಯದೆ ತಜ್ಞರು ಪ್ರತಿಯೊಬ್ಬರನ್ನೂ ಪೂರ್ತಿ ಪರೀಕ್ಷಿಸಬೇಕು. ಆಮೇಲೆ ಎರಡನ್ನೂ ಹೋಲಿಸಬೇಕು. ತೂಕದ ಕಲ್ಲು ಎಂದೆನಲ್ಲ, ಅದು ಇದೇ. ಪರೀಕ್ಷೆ ಕೆಲಸಕ್ಕೆ ಬಾರದು ಎಂಬ ಉತ್ತರವೂ ಬರಬಹುದು. ಆಗ ಹಣ ನೀರಿಗೆ ಹೋಯಿತು ಎನ್ನಬೇಡಿ. ಆ ಉತ್ತರ ಮೊದಲೇ ನಮ್ಮ ಕೈಲಿದ್ದಿದ್ದರೆ ಅಜ್ಜಿಯ ಎಂಟು ತಿಂಗಳ ಮಾತ್ರೆ ಉಳಿಯುತ್ತಿತ್ತು.

"ಗುಣವಾಗದ ಕಾಯಿಲೆ, ತಿಳಿದು ಏನು ಮಾಡುವುದು?" ಎಂದು ಹಲವರು ಕೇಳಿದ್ದಾರೆ. ಬಿ-12 ಕೊರತೆ, ಥೈರಾಯ್ಡ್, ಖಿನ್ನತೆ ಇವುಗಳ ಮರೆವು ಚಿಕಿತ್ಸೆಯಿಂದ ಸುಧಾರಿಸಬಲ್ಲದು. ಅದನ್ನು ಬೇರ್ಪಡಿಸುವುದೇ ದೊಡ್ಡ ಲಾಭ. ನಿಜವಾದ ಡಿಮೆನ್ಷಿಯಾ ಆದರೂ, ನನಗೆ ಅಪ್ಪನ ಜೊತೆ ಮಾತನಾಡಲು ಎರಡು ವರ್ಷ ಸಿಗುತ್ತಿತ್ತು. ದೇಶದಲ್ಲಿ 60 ದಾಟಿದವರಲ್ಲಿ ನೂರಕ್ಕೆ ಏಳಕ್ಕಿಂತ ಹೆಚ್ಚು ಮಂದಿಗೆ, ಸುಮಾರು 88 ಲಕ್ಷ ಜನರಿಗೆ, ಈ ಕಾಯಿಲೆ ಇದೆಯೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನದ ಅಂದಾಜು. ಈ ಸಭಾಂಗಣದಲ್ಲಿ ತಲೆ ನರೆತವರು ಎಷ್ಟಿದ್ದೀರಿ, ಸುಮ್ಮನೆ ಒಮ್ಮೆ ನೋಡಿ.

ಹಣದ ಜೊತೆಗೆ ಇನ್ನೊಂದನ್ನೂ ಕೇಳುತ್ತೇನೆ. ರೋಗಿಗಳಷ್ಟೇ ಅಲ್ಲ, ಗಟ್ಟಿಮುಟ್ಟಾದ ಹಿರಿಯರೂ ಪರೀಕ್ಷೆಗೆ ಕೂರಬೇಕು. ಓದಿದವರು, ಓದದವರು, ಕರಾವಳಿಯವರು, ಬಯಲುಸೀಮೆಯವರು, ಮುಖ್ಯವಾಗಿ ಹೆಂಗಸರು. ಹೆಸರು, ಅಂಕ ಗುಟ್ಟಾಗಿಯೇ ಇರುತ್ತವೆ. ನಡುವೆ ಬೇಡವೆನಿಸಿದರೆ ಎದ್ದು ಬರಬಹುದು.

ಬಾಗಿಲ ಬಳಿಯ ಮೇಜಿನ ಮೇಲೆ ಎರಡು ಪುಸ್ತಕ ಇಟ್ಟಿದ್ದೇವೆ. ಒಂದು ರಸೀದಿ ಪುಸ್ತಕ, ಇನ್ನೊಂದು ಪರೀಕ್ಷೆಗೆ ಕೂರುವವರ ಪಟ್ಟಿ. ನನಗೂ ಅರವತ್ತಾರು ತುಂಬಿತು. ಪಟ್ಟಿಯಲ್ಲಿ ಮೊದಲ ಹೆಸರು ನನ್ನದು. ಎರಡನೆಯ ಸಾಲು ಖಾಲಿ ಇದೆ.