ನಗೆಚಿತ್ರದಲ್ಲಿ ಕಾಣದ ಮುಖ

ಜೋಯಿಡಾ ತಾಲ್ಲೂಕಿನ ಕ್ಯಾಸಲ್‌ರಾಕ್ ಕಾಡಿನ ನಡುವಿನ ಒಂದು ಸಣ್ಣ ರೈಲು ನಿಲ್ದಾಣ. ದೂಧಸಾಗರ ಜಲಪಾತ ನೋಡಲು ಹೊರಟವರೆಲ್ಲ ಅದನ್ನು ಬಲ್ಲರು. ಆದರೆ 1961ರ ಡಿಸೆಂಬರಿನವರೆಗೆ ಅದರಾಚೆಯ ಘಟ್ಟದ ಇಳಿಜಾರು ಪೋರ್ಚುಗಲ್ಲಿನ ವಶದಲ್ಲಿತ್ತು ಎಂಬುದು ಹಲವರಿಗೆ ಮರೆತುಹೋಗಿದೆ. ಸ್ವಾತಂತ್ರ್ಯಕ್ಕೆ ಮುಂಚೆ ಈಚೆಗೆ ಬ್ರಿಟಿಷರು, ಆಚೆಗೆ ಪೋರ್ಚುಗೀಸರು. 1373ರಿಂದಲೂ ಇವರಿಬ್ಬರು ಮಿತ್ರರು. ಆ ಮೈತ್ರಿ ಎಂಥದೆಂದು ಅರಿಯಬೇಕಾದರೆ ಹಳೆಯ ವ್ಯಂಗ್ಯಚಿತ್ರಗಳನ್ನು ನೋಡಬೇಕು.

1878ರಲ್ಲಿ ಲಿಸ್ಬನ್ನಿನಲ್ಲಿ ಈ ಮಿತ್ರರ ನಡುವೆ ಒಂದು ಒಪ್ಪಂದವಾಯಿತು. ಮರ್ಮಗೋವಾ ಬಂದರಿನಿಂದ ಗಡಿಯವರೆಗೆ ರೈಲು ಹಾಕಬೇಕು, ಗಡಿಯ ಸುಂಕ ರದ್ದಾಗಬೇಕು, ಗೋವೆಯ ಉಪ್ಪಿನ ತಯಾರಿಕೆ ಬ್ರಿಟಿಷರ ಹಿಡಿತಕ್ಕೆ ಬರಬೇಕು. ಅದಕ್ಕೆ ಪ್ರತಿಯಾಗಿ ಬ್ರಿಟಿಷರು ವರ್ಷಕ್ಕೆ 4 ಲಕ್ಷ ರೂಪಾಯಿ ಕೊಡಬೇಕು. ರೈಲು ಕಂಪನಿಯ ಬಂಡವಾಳ ಲಂಡನ್ನಿನದು, ಲಾಭದ ಖಾತರಿ ಪೋರ್ಚುಗಲ್ ಸರ್ಕಾರದ್ದು. ದೊಡ್ಡ ಮಿತ್ರ, ಚಿಕ್ಕ ಮಿತ್ರ ಯಾರೆಂಬುದು ಇಲ್ಲಿಯೇ ಗೊತ್ತಾಗುತ್ತದೆ.

ಅದೇ ಕಾಲಕ್ಕೆ ಆಫ್ರಿಕಾದಲ್ಲಿ ಇನ್ನೊಂದು ಆಟ ನಡೆದಿತ್ತು. ಪಶ್ಚಿಮದ ಅಂಗೋಲಾದಿಂದ ಪೂರ್ವದ ಮೊಜಾಂಬಿಕ್‌ವರೆಗಿನ ನಡುನಾಡೆಲ್ಲ ತನ್ನದೆಂದು ಪೋರ್ಚುಗಲ್ ನಕ್ಷೆಯಲ್ಲಿ ಗುಲಾಬಿ ಬಣ್ಣ ಬಳಿಯಿತು. ಬ್ರಿಟಿಷರ ಕನಸು ದಕ್ಷಿಣದ ಕೇಪಿನಿಂದ ಉತ್ತರದ ಕೈರೋವರೆಗೆ. ಅಡ್ಡಗೆರೆಯೂ ಉದ್ದಗೆರೆಯೂ ಒಂದನ್ನೊಂದು ಕತ್ತರಿಸದೆ ಇರುವುದು ಸಾಧ್ಯವೆ? 1890ರ ಜನವರಿ 11ರಂದು ಬ್ರಿಟನ್ ಅಂತಿಮ ಎಚ್ಚರಿಕೆ ಕೊಟ್ಟಿತು. ಪೋರ್ಚುಗಲ್ ಸೇನೆಯನ್ನು ಹಿಂದೆಗೆಯಿತು.

ಲಿಸ್ಬನ್ನಿನಲ್ಲಿ ಜನ ಕೆರಳಿದರು. ಆಗ ಕುಂಚ ಹಿಡಿದವನು ರಾಫಾಯೆಲ್ ಬೋರ್ದಾಲೋ ಪಿನ್ಯೇರೋ. 1875ರಲ್ಲಿ ಅವನು ಸೃಷ್ಟಿಸಿದ್ದ ‘ಝೆ ಪೊವಿನ್ಯೋ’ ಎಂಬ ಹಳ್ಳಿಗ ಪೋರ್ಚುಗಲ್ಲಿನ ಜನಸಾಮಾನ್ಯನ ಪ್ರತೀಕ. ತೆರಿಗೆ ಹೊರುವವನು, ಮೋಸ ಹೋಗುವವನು, ಒಮ್ಮೊಮ್ಮೆ ತೋಳೆತ್ತಿ ಛೀ ಎನ್ನುವವನೂ ಅವನೇ. ಅವನಿಗೆದುರಾಗಿ ಹೊಟ್ಟೆಬಾಕ ಜಾನ್ ಬುಲ್, ಅಂದರೆ ಇಂಗ್ಲೆಂಡ್. ತನ್ನ ದೊರೆಯನ್ನೂ ಮಂತ್ರಿಗಳನ್ನೂ ಸಹ ಪಿನ್ಯೇರೋ ಬಿಡಲಿಲ್ಲ.

ಲಂಡನ್ನಿನ ‘ಪಂಚ್’ ಪತ್ರಿಕೆ 1892ರ ಡಿಸೆಂಬರ್ 10ರಂದು ಪ್ರಕಟಿಸಿದ ಚಿತ್ರ ಇನ್ನೂ ಪ್ರಸಿದ್ಧ. ಲಿನ್ಲಿ ಸ್ಯಾಂಬೋರ್ನ್ ಬರೆದ ಅದರಲ್ಲಿ ಸೆಸಿಲ್ ರೋಡ್ಸ್ ಒಂದು ಕಾಲನ್ನು ಕೇಪಿನಲ್ಲಿ, ಇನ್ನೊಂದನ್ನು ಕೈರೋದಲ್ಲಿ ಊರಿ ನಿಂತಿದ್ದಾನೆ, ಕೈಯಲ್ಲಿ ತಂತಿಸಾಲು. ಪುರಾತನ ರೋಡ್ಸ್ ದ್ವೀಪದ ಮಹಾಮೂರ್ತಿಯ ಹೆಸರಿನ ಮೇಲೆ ಶ್ಲೇಷೆ. 1805ರಲ್ಲಿ ಜೇಮ್ಸ್ ಗಿಲ್‌ರೇ ಬರೆದ ಚಿತ್ರದಲ್ಲಿ ಪಿಟ್ ಮತ್ತು ನೆಪೋಲಿಯನ್ ಭೂಗೋಳವನ್ನೇ ಕಡುಬಿನಂತೆ ಕೊಯ್ಯುತ್ತಾರೆ. 1898ರ ಫ್ರೆಂಚ್ ಪತ್ರಿಕೆಯೊಂದರಲ್ಲಿ ಚೀನಾ ದೇಶವೇ ಕೇಕು. ಸುತ್ತ ಚಾಕು ಹಿಡಿದ ಚಕ್ರವರ್ತಿಗಳು.

ಈ ಚಿತ್ರಗಳ ಶಕ್ತಿ ಇರುವುದು ಸರಳತೆಯಲ್ಲಿ. ಸಂಧಾನ, ಗೌರವ, ನಾಗರಿಕತೆ ಎಂಬ ದೊಡ್ಡ ಮಾತುಗಳ ಹಿಂದೆ ಇರುವುದು ಹಸಿವು ಮಾತ್ರ ಎಂದು ಅವು ಅಕ್ಷರ ಬಾರದವನಿಗೂ ತೋರಿಸಿದವು. ಆದರೆ ಇನ್ನೊಮ್ಮೆ ನೋಡಿ. ಕಡುಬಿಗೆ ಬಾಯಿಲ್ಲ. ರೋಡ್ಸನ ಬೂಟಿನ ಕೆಳಗಿನ ಆಫ್ರಿಕಾದಲ್ಲಿ ಒಬ್ಬನೇ ಒಬ್ಬ ಆಫ್ರಿಕನ್ನನಿಲ್ಲ. ಪಿನ್ಯೇರೋನ ಕೋಪವೂ ಬಹುಮಟ್ಟಿಗೆ ಕಳೆದುಕೊಂಡ ಪಾಲಿನ ಕೋಪವೇ.

ಚಿತ್ರದಲ್ಲಿ ಕಾಣದ ಆ ಮುಖಗಳನ್ನು ಹುಡುಕಲು ಆಫ್ರಿಕಾದವರೆಗೆ ಹೋಗಬೇಕಿಲ್ಲ. ಹಳಿಯಾಳ, ಮುಂಡಗೋಡ, ಜೋಯಿಡಾ, ಯಲ್ಲಾಪುರದ ಕಾಡಂಚಿನಲ್ಲಿ ಸಿದ್ದಿಗಳಿದ್ದಾರೆ. ಇವರ ಪೂರ್ವಜರಲ್ಲಿ ಅನೇಕರನ್ನು ಪೋರ್ಚುಗೀಸರು ಮೊಜಾಂಬಿಕ್ ಮುಂತಾದ ಕಡೆಗಳಿಂದ ಗುಲಾಮರಾಗಿ ಗೋವೆಗೆ ತಂದಿದ್ದರು. ಒಡೆಯರಿಂದ ತಪ್ಪಿಸಿಕೊಂಡವರು ಘಟ್ಟ ಹತ್ತಿ ಈ ಕಾಡು ಸೇರಿದರು. ಒಬ್ಬರಿಗೆ ಗಡಿಯಾಗಿದ್ದದ್ದು ಇನ್ನೊಬ್ಬರಿಗೆ ಬಿಡುಗಡೆಯ ದಾರಿಯಾಯಿತು. ಕೊಂಕಣಿ, ಕನ್ನಡ ಆಡುವ, ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಮತಗಳಲ್ಲಿರುವ ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಿ.

1878ರ ಒಪ್ಪಂದ 1892ರ ಜನವರಿಯಲ್ಲೇ ಮುಗಿಯಿತು. 1955ರಲ್ಲಿ ಗಡಿ ಮುಚ್ಚಿ ರೈಲು ನಿಂತಿತು. ಗೋವೆಯ ವಿಮೋಚನೆಯ ಬಳಿಕ ಮತ್ತೆ ಓಡಿತು. ಗುಲಾಬಿ ಬಣ್ಣದ ನಕ್ಷೆ ವಸ್ತುಸಂಗ್ರಹಾಲಯಕ್ಕೆ ಸೇರಿತು. ಹಳಿಯಾಳದ ಸಂತೆಗೆ ಬರುವ ಸಿದ್ದಿ ಹೆಂಗಸಿನ ಕತೆ ಮಾತ್ರ ಯಾವ ‘ಪಂಚ್’ ಪುಟದಲ್ಲೂ ಇಲ್ಲ. ಹಳೆಯ ನಗೆಚಿತ್ರ ನೋಡಿ ನಗುವಾಗ, ಚಾಕು ಹಿಡಿದವರ ಜೊತೆಗೆ ತಟ್ಟೆಯಲ್ಲಿರುವವರು ಯಾರೆಂದೂ ಕೇಳಿಕೊಳ್ಳುವುದು ಒಳ್ಳೆಯದು.