ಬಿಗಿದಷ್ಟೂ ಸಡಿಲವಾಗುವ ಬೋಲ್ಟು



ಟರ್ಬೋಚಾರ್ಜರ್ ಇರುವ ಕಾರನ್ನು ಇಟ್ಟುಕೊಂಡವರು, ಅದರಲ್ಲೂ ಹಳೆಯ ಕಾರಿಗೆ ಹೊಸದಾಗಿ ಟರ್ಬೋ ಕೂಡಿಸಿಕೊಂಡವರು, ಮೆಕ್ಯಾನಿಕ್ ಬಳಿ ಹೇಳುವ ದೂರೊಂದುಂಟು: "ಹೊಗೆಕೊಳವೆಯ ಬೋಲ್ಟುಗಳನ್ನು ಎಷ್ಟು ಬಿಗಿದರೂ ನಿಲ್ಲುವುದಿಲ್ಲ." ಆಗ ಇನ್ನೂ ಉದ್ದದ ಸ್ಪ್ಯಾನರ್ ಹೊರಗೆ ಬರುತ್ತದೆ. ಕೆಲವೊಮ್ಮೆ ಬೋಲ್ಟಿನ ತಲೆಯೇ ಕೈಗೆ ಬರುತ್ತದೆ. ಮುರಿದ ತುಂಡನ್ನು ಎಂಜಿನ್ನಿನಿಂದ ಕೊರೆದು ತೆಗೆಯುವ ಖರ್ಚು ಬೋಲ್ಟಿನ ಬೆಲೆಯ ನೂರಾರು ಪಟ್ಟು.

ಈ ಬೋಲ್ಟು ಕೂತಿರುವ ಜಾಗವನ್ನು ಮೊದಲು ನೋಡಬೇಕು. ಎಂಜಿನ್ನಿನಿಂದ ಹೊರಬೀಳುವ ಅನಿಲದಲ್ಲಿ ಉಳಿದ ಶಕ್ತಿಯಿಂದ ಪುಟ್ಟ ಚಕ್ರವೊಂದನ್ನು ತಿರುಗಿಸಿ, ಅದರ ಮೂಲಕ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವುದು ಟರ್ಬೋ ಕೆಲಸ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿ 1905ರಲ್ಲೇ ಇದಕ್ಕೆ ಪೇಟೆಂಟ್ ಪಡೆದರು. ಮಾರಾಟದ ಕಾರುಗಳಿಗೆ ಅದು ಬಂದದ್ದು 1962ರಲ್ಲಿ, ಅಮೆರಿಕದಲ್ಲಿ. ಚಕ್ರ ನಿಮಿಷಕ್ಕೆ ಲಕ್ಷಕ್ಕೂ ಮಿಕ್ಕಿ ಸುತ್ತುತ್ತದೆ. ಪೆಟ್ರೋಲ್ ಎಂಜಿನ್ ಪೂರ್ಣ ಭಾರದಲ್ಲಿ ಓಡುವಾಗ ಅನಿಲದ ಉಷ್ಣತೆ 900 ಡಿಗ್ರಿ ಸೆಲ್ಸಿಯಸ್ ದಾಟಬಹುದು. ಕತ್ತಲಲ್ಲಿ ನೋಡಿದರೆ ಟರ್ಬೋ ಕವಚ ಕೆಂಡದ ಹಾಗೆ ಕೆಂಪಗಿರುತ್ತದೆ. ಅಂದರೆ ಇದು ಒಲೆಯ ಬಾಯಲ್ಲಿರುವ ಬೋಲ್ಟು.

ಬೋಲ್ಟು ಹಿಡಿದುಕೊಳ್ಳುವುದು ಯಾವ ಬಲದಿಂದ? ಮರೆಯ ಜಗ್ಗುವಿಕೆಯಿಂದ. ನಟ್ಟು ತಿರುಗಿಸಿದಾಗ ಬೋಲ್ಟು ಒಂದಿಷ್ಟು ಉದ್ದವಾಗುತ್ತದೆ. ಮತ್ತೆ ಮೊದಲಿನ ಉದ್ದಕ್ಕೆ ಬರಲು ಅದು ಹವಣಿಸುವುದೇ ಎರಡು ಫ್ಲ್ಯಾಂಜುಗಳನ್ನು ಒತ್ತಿ ಹಿಡಿಯುವ ಬಲ. ಬೋಲ್ಟೆಂದರೆ ತುಂಬ ಗಡುಸಾದ ಸ್ಪ್ರಿಂಗು. 20 ಮಿಲಿಮೀಟರ್ ದಪ್ಪದ ಜೋಡಣೆಯಲ್ಲಿ ಚೆನ್ನಾಗಿ ಬಿಗಿದ ಉಕ್ಕಿನ ಬೋಲ್ಟು ಹಿಗ್ಗುವುದು ಸುಮಾರು 0.04 ಮಿಲಿಮೀಟರ್, ತಲೆಗೂದಲಿನ ದಪ್ಪಕ್ಕಿಂತಲೂ ಕಡಿಮೆ. ಈ ಅಲ್ಪ ಬಂಡವಾಳದ ಮೇಲೆ ಇಡೀ ಜೋಡಣೆ ನಿಂತಿದೆ.

ಈಗ ಲೆಕ್ಕ ನೋಡಿ. ತುಕ್ಕು ಹಿಡಿಯುವುದಿಲ್ಲವೆಂದು ಹಲವರು ಸ್ಟೇನ್‌ಲೆಸ್ ಉಕ್ಕಿನ ಬೋಲ್ಟು ಹಾಕುತ್ತಾರೆ. ಉಷ್ಣತೆ 600 ಡಿಗ್ರಿ ಏರಿದರೆ 20 ಮಿಲಿಮೀಟರ್ ಉದ್ದದ ಸಾಮಾನ್ಯ ಸ್ಟೇನ್‌ಲೆಸ್ ಉಕ್ಕು ಸುಮಾರು 0.20 ಮಿಲಿಮೀಟರ್ ಹಿಗ್ಗುತ್ತದೆ. ಅಷ್ಟೇ ದಪ್ಪದ ಎರಕದ ಕಬ್ಬಿಣ ಹಿಗ್ಗುವುದು ಸುಮಾರು 0.13. ವ್ಯತ್ಯಾಸ 0.07. ಇದ್ದ ಬಂಡವಾಳವೇ 0.04! ಬೋಲ್ಟು ಫ್ಲ್ಯಾಂಜಿಗಿಂತ ತುಸು ತಣ್ಣಗಿರುವುದರಿಂದ ನಿಜವಾದ ನಷ್ಟ ಇಷ್ಟಾಗದಿರಬಹುದು, ಆದರೆ ಹಿಡಿತ ಸೋರಿಹೋಗುವ ಬಗೆ ಇದೇ. ನಮ್ಮ ಕಮ್ಮಾರರು ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿಯನ್ನು ಕಾಯಿಸಿ ತೊಡಿಸುತ್ತಾರೆ. ತಣ್ಣಗಾದಾಗ ಅದು ಮರವನ್ನು ಅಪ್ಪಿ ಹಿಡಿಯುತ್ತದೆ. ಅದೇ ಪಟ್ಟಿಯನ್ನು ದಿನವೂ ನಾಲ್ಕು ಸಲ ಕಾಯಿಸುತ್ತಿದ್ದರೆ ಚಕ್ರದ ಗತಿ ಏನು?

ಇನ್ನೊಂದು ತೊಂದರೆ ನಿಧಾನದ್ದು. ಹೆಚ್ಚು ಬಲದ ಉಕ್ಕಿನ ಬೋಲ್ಟುಗಳನ್ನು ಕಾರ್ಖಾನೆಯಲ್ಲಿ ಹದಗೊಳಿಸುವುದು ಸುಮಾರು 425 ಡಿಗ್ರಿಗೆ ಅಥವಾ ಅದಕ್ಕೂ ಮೇಲೆ. ಆ ಹದದ ಉಷ್ಣತೆಯನ್ನು ಮೀರಿ ಕಾಯ್ದರೆ ಉಕ್ಕು ಮೆತ್ತಗಾಗುತ್ತದೆ, ಜಗ್ಗಿ ಹಿಡಿದಿದ್ದರೆ ಎಳೆದ ಮೇಣದಂತೆ ಶಾಶ್ವತವಾಗಿ ಉದ್ದವಾಗುತ್ತದೆ. ತಣ್ಣಗಾದ ಮೇಲೆ ನಟ್ಟು ಒಂದು ಸುತ್ತೂ ತಿರುಗಿರುವುದಿಲ್ಲ, ಆದರೂ ಹಿಡಿತ ಹೋಗಿರುತ್ತದೆ. ನಟ್ಟು ತಿರುಗುವುದು ಆಮೇಲೆ. ಜೋಡಣೆ ಅಡ್ಡಡ್ಡ ಜಾರುವ ಕಂಪನವೇ ನಟ್ಟನ್ನು ಬಿಚ್ಚುತ್ತದೆಂದು ಜರ್ಮನಿಯ ಗೆರ್ಹಾರ್ಡ್ ಯುಂಕರ್ 1969ರಲ್ಲಿ ತೋರಿಸಿಕೊಟ್ಟರು. ಒತ್ತಿ ಹಿಡಿಯುವ ಬಲ ಸಾಕಷ್ಟಿದ್ದರೆ ಜಾರುವಿಕೆ ಇಲ್ಲ. ಬಲ ಕುಗ್ಗಿದರೆ ಜಾರಲು ತೊಡಗುತ್ತದೆ.

ಆದ್ದರಿಂದ ನಟ್ಟಿಗೆ ಬೀಗ ಹಾಕುವ ಮೊದಲು ಆ ಹಿಗ್ಗನ್ನು ಕಾಪಾಡುವ ದಾರಿ ಹುಡುಕಬೇಕು. ನನ್ನ ಮಟ್ಟಿಗೆ ಎಲ್ಲಕ್ಕಿಂತ ಅಗ್ಗದ ಉಪಾಯ ಉದ್ದನೆಯ ಸ್ಟಡ್ಡು. ನಟ್ಟಿನ ಕೆಳಗೆ ಸ್ಟಡ್ಡಿನದೇ ಲೋಹದ 20 ಮಿಲಿಮೀಟರ್ ಕೊಳವೆ ತುಂಡು ಇಟ್ಟರೆ ಹಿಗ್ಗು ಇಮ್ಮಡಿಯಾಗುತ್ತದೆ, ಫ್ಲ್ಯಾಂಜಿನ ಜೊತೆಗಿನ ವ್ಯತ್ಯಾಸ ಮಾತ್ರ ಅಷ್ಟೇ ಉಳಿಯುತ್ತದೆ. ನಟ್ಟೂ ಶಾಖದಿಂದ ದೂರ ಸರಿಯುತ್ತದೆ. ಫ್ಲ್ಯಾಂಜ್ ಸೊಟ್ಟಗಾಗಿದ್ದರೆ ಯಾವ ಬೋಲ್ಟೂ ಉಳಿಯದು; ನೇರ ಪಟ್ಟಿ ಇಟ್ಟು ನೋಡಿ, ಬೇಕಾದರೆ ಮಟ್ಟ ಮಾಡಿಸಬೇಕು. ಮೆತ್ತನೆಯ ಗ್ಯಾಸ್ಕೆಟ್ ಕುಸಿಯುತ್ತದೆ, ಪದರಪದರದ ಉಕ್ಕಿನದು ಮೇಲು. ಟರ್ಬೋ ಮತ್ತು ಅದರ ಕೆಳಗಿನ ಕೊಳವೆಯ ಭಾರವನ್ನೆಲ್ಲ ನಾಲ್ಕು ಸ್ಟಡ್ಡುಗಳ ಕೊರಳಿಗೆ ಕಟ್ಟಬಾರದು. ಆಧಾರದ ಪಟ್ಟಿ ಬೇಕು, ಅದನ್ನೂ ಎಂಜಿನ್ನಿಗೇ ಕಟ್ಟಬೇಕು. ಕಾರಿನ ಮೈಗೆ ಕಟ್ಟಿದರೆ ಎಂಜಿನ್ ಓಲಾಡಿದಾಗಲೆಲ್ಲ ಬೋಲ್ಟು ಬಾಗುತ್ತದೆ. ಮುಂದಿನ ಕೊಳವೆಯಲ್ಲಿ ಬಳುಕುವ ಭಾಗವೊಂದು ಇರಲಿ.

ಬೀಗಗಳ ವಿಷಯದಲ್ಲಿ ಜನ ಮೋಸಹೋಗುವುದೇ ಹೆಚ್ಚು. ನೈಲಾನ್ ಉಂಗುರದ ನಟ್ಟು ಸುಮಾರು 120 ಡಿಗ್ರಿಯವರೆಗೆ ಸರಿ. ಎಳೆಗೆ ಹಚ್ಚುವ ಸಾಮಾನ್ಯ ಅಂಟು ಸುಮಾರು 150ರವರೆಗೆ. ಸ್ಪ್ರಿಂಗ್ ವಾಷರ್ ಕಾಯ್ದು ಚಪ್ಪಟೆಯಾಗುತ್ತದೆ. ನಮ್ಮ ಸ್ಟುಡಿಯೋದ ದೀಪಗಳಲ್ಲಿ ಇಷ್ಟು ಶಾಖವಿರುವುದಿಲ್ಲ, ಅಲ್ಲಿಯೇ ಅದರ ಪ್ರತಾಪ ಕಂಡಿದ್ದೇನೆ. ಇಲ್ಲಿ ನಿಲ್ಲುವುದು ಪೂರ್ಣ ಲೋಹದ, ಎಳೆಯನ್ನು ತುಸು ಹಿಚುಕಿದ ನಟ್ಟು. ನಟ್ಟಿನ ಮೈಗೆ ಮಡಚುವ ನಾಲಿಗೆಯ ವಾಷರ್. ವಿಮಾನಗಳಲ್ಲಿ ಬಳಸುವಂಥ ಬೀಗದ ತಂತಿ. ಇವು ತಿರುಗುವುದನ್ನು ತಡೆಯುತ್ತವೆ ಅಷ್ಟೇ, ಕಳೆದುಹೋದ ಹಿಗ್ಗನ್ನು ತಂದುಕೊಡಲಾರವು.

1989ರಲ್ಲಿ ಬಂದ ಮಾಜ್ದಾ ಮಿಯಾಟಾ ಎಂಬ ಪುಟ್ಟ ಕಾರಿಗೆ ಕಾರ್ಖಾನೆಯ ಟರ್ಬೋ ಇರಲಿಲ್ಲ. ತಾವೇ ಟರ್ಬೋ ಕೂಡಿಸಿ ಪಂದ್ಯದ ಅಂಗಳದಲ್ಲಿ ಓಡಿಸಿದವರಿಗೆ ಈ ಕಾಟ ಚೆನ್ನಾಗಿ ಗೊತ್ತು. ಅವರಲ್ಲಿ ಅನೇಕರು ಕೊನೆಗೆ ಹಿಡಿದ ದಾರಿ ಇನ್‌ಕೊನೆಲ್ ಸ್ಟಡ್ಡು. ಅರ್ಧದಷ್ಟು ನಿಕ್ಕಲ್ ಇರುವ, ಜೆಟ್ ಎಂಜಿನ್ನಿಗೆ ಬಳಸುವ ಈ ಮಿಶ್ರಲೋಹದ 718ನೆಯ ಬಗೆ ಸುಮಾರು 650 ಡಿಗ್ರಿಯಲ್ಲೂ ಬಲ ಬಿಡದು. ಹಿಗ್ಗುವುದೂ ಸ್ಟೇನ್‌ಲೆಸ್‌ಗಿಂತ ಕಡಿಮೆ. ಬೆಲೆ ಮಾತ್ರ ಬೆಚ್ಚಿಬೀಳಿಸುವಂಥದು. ದಿನನಿತ್ಯ ಕಚೇರಿಗೆ ಹೋಗಿಬರುವ ಕಾರಿಗೆ ತಯಾರಕರು ಹೇಳಿದ ಸ್ಟಡ್ಡೇ ಸಾಕು.

ಬಿಗಿಯುವುದು ಎಂಜಿನ್ ತಣ್ಣಗಿರುವಾಗ, ಅಳತೆಯ ಟಾರ್ಕ್ ಸ್ಪ್ಯಾನರಿನಿಂದ, ಎದುರುಬದಿರು ಕ್ರಮದಲ್ಲಿ, ಎರಡು ಮೂರು ಹಂತಗಳಲ್ಲಿ. ಎಳೆಗೆ ಜಿಡ್ಡು ಹಚ್ಚಿದರೆ ಅದೇ ಟಾರ್ಕಿಗೆ ಬೋಲ್ಟು ಹೆಚ್ಚು ಜಗ್ಗುತ್ತದೆ, ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಬಿಚ್ಚಿದ ಸ್ಟಡ್ಡನ್ನು ಹೊಸದರ ಪಕ್ಕ ಇಟ್ಟು ನೋಡಿ, ಉದ್ದವಾಗಿದ್ದರೆ ಬಿಸಾಡಿ.

ತಣ್ಣನೆಯ ಎಂಜಿನ್ ಶುರುಮಾಡಿದಾಗ ಟಿಕ್ ಟಿಕ್ ಸದ್ದು ಬಂದು ಬಿಸಿಯೇರಿದ ಮೇಲೆ ನಿಂತರೆ, ಜೋಡಣೆಯ ಅಂಚಿನಲ್ಲಿ ಕಪ್ಪು ಮಸಿ ಕಂಡರೆ, ಅನಿಲ ಸೋರುತ್ತಿದೆ ಎಂದು ತಿಳಿಯಿರಿ. ಆ ಅನಿಲದಲ್ಲಿ ಬಣ್ಣವೂ ವಾಸನೆಯೂ ಇಲ್ಲದ ಇಂಗಾಲದ ಮಾನಾಕ್ಸೈಡ್ ಇದೆ, ಕಾರಿನ ಗಾಳಿಗಂಡಿ ಅಲ್ಲಿಂದ ದೂರವಿಲ್ಲ. ಸದ್ದು ತಾನೇ ನಿಂತಿತಲ್ಲ ಎಂದು ಕಿಟಕಿ ಮುಚ್ಚಿಕೊಂಡು ಊರಿಗೆ ಹೊರಡಬೇಡಿ.