ಗಾಲಿಯ ನೇರ



ನಾವು ನಂಜನಗೂಡಿನಿಂದ ತಿ. ನರಸೀಪುರಕ್ಕೆ ಹೊರಡಲು ಭಕ್ತರೊಬ್ಬರು ತಮ್ಮ ಹಳೆಯ ಅಂಬಾಸಿಡರ್ ತಂದಿದ್ದರು. ಎರಡು ಸಲ ಹೊಸ ಟೈರು ಹಾಕಿಸಿದ್ದರೂ ಮುಂದಿನವೆರಡೂ ಹೊರಅಂಚಿನಲ್ಲೇ ಸವೆದಿದ್ದವು. “ಟೈರೇ ಸರಿಯಿಲ್ಲ, ಬುದ್ಧಿ” ಎಂದರು. ದೂರುವುದು ಸುಲಭ; ಅಳೆದು ನೋಡಿದವರು ಯಾರು?

ಅವರ ಮಗ ಸಮನೆಲದಲ್ಲಿ ಕಾರು ನಿಲ್ಲಿಸಿ, ಸ್ಟೀರಿಂಗ್ ನೇರಮಾಡಿ, ಎರಡು ಟೈರುಗಳ ಮುಂಬದಿಗೂ ಸುಣ್ಣದ ಗುರುತಿಟ್ಟು ಅಂತರ ಅಳೆದ. ಚಕ್ರ ಅರ್ಧ ಸುತ್ತು ಉರುಳುವಷ್ಟು ತಳ್ಳಿ, ಹಿಂಬದಿಗೆ ಬಂದ ಅದೇ ಗುರುತುಗಳ ನಡುವೆ ಮತ್ತೆ ಅಳೆದ. ಮುಂದಿನ ಅಂತರ 2-3 ಮಿಲಿಮೀಟರ್ ಕಡಿಮೆಯಿರಬೇಕಾದದ್ದು ಬೆರಳಗಲ ಕಡಿಮೆಯಿತ್ತು!

ತಂದೆ ಅವಸರದಿಂದ ಒಂದೇ ಬದಿಯ ಟೈ ರಾಡ್ ತಿರುಗಿಸಹೋದರು. ಮಗ ತಡೆದ: ಎರಡನ್ನೂ ಸಮನಾಗಿ ತಿರುಗಿಸದಿದ್ದರೆ ಸ್ಟೀರಿಂಗ್ ಸೊಟ್ಟಗೆ ನಿಲ್ಲುತ್ತದೆ. ಮನೆ ನಡೆಸುವವರು ಇದನ್ನು ಕೇಳಿಸಿಕೊಳ್ಳಿ.

ನಟ್ಟು ಬಿಗಿದು, ಮತ್ತೊಮ್ಮೆ ಅಳೆದೇ ಹೊರಟೆವು. ಸಂಗಮದಲ್ಲಿ ಕಾದವರಿಗೆ ಬೇಸರವಾಗಿರಬೇಕು.